ಬಳ್ಳಿಯ ವೈದ್ಯ ಜೂಲ್ ಗುಯೊ

ಮೂರು ವರ್ಷಕ್ಕೊಮ್ಮೆ ಪಾಸ್ಖ ಕಾಲದ ಐದನೆಯ ಭಾನುವಾರದ ಬಲಿಪೂಜೆಯಲ್ಲಿ ಸಂತ ಯೊವಾನ್ನರ ಶುಭಸಂದೇಶದ ಹದಿನೈದನೆಯ ಅಧ್ಯಾಯವನ್ನು ಓದುತ್ತೇವೆ. ದ್ರಾಕ್ಷಾಬಳ್ಳಿ, ಅದರ ಕವಲುಗಳು, ಕವಲುಗಳನ್ನು ಸವರುವ ತೋಟಗಾರ. ಬೇರೆ ಕಡೆಯ ಚರ್ಚುಗಳಲ್ಲಿ ಇದನ್ನು ಸಾಮತಿಯೆಂದು ಕೇಳುತ್ತಾರೆ. ಸೊಲ್ಲಾಪುರ, ಜತ್ತ, ವಿಜಯಪುರದ ಈ ಸೀಮೆಯಲ್ಲಿ ಅದು ದಿನಗೂಲಿಯ ಕೆಲಸವೂ ಹೌದು. ಬೆಂಚುಗಳಲ್ಲಿ ಕೂತವರ ಪೈಕಿ ಅಕ್ಟೋಬರ್ ಚಾಟಣಿಗೆ ಕತ್ತರಿ ಹಿಡಿದು ಹೋದವರು, ಕಡ್ಡಿ ಕಟ್ಟಿದವರು, ಕಣ್ಣಿಗೆ ಔಷಧಿ ಹಚ್ಚಿ ಬೆರಳು ಸುಟ್ಟುಕೊಂಡವರು ಇದ್ದಾರೆ. ಅಂಥವರಲ್ಲೊಬ್ಬರು ಪೂಜೆ ಮುಗಿದ ಮೇಲೆ ನನ್ನನ್ನು ಕೇಳಿದರು: ಹಣ್ಣು ಕೊಡದ ಕವಲನ್ನು ಕಡಿಯುವುದು ತಿಳಿಯುತ್ತದೆ, ಹಣ್ಣು ಕೊಟ್ಟ ಕವಲಿನ ಮೇಲೂ ಕತ್ತರಿ ಆಡಿಸುವುದು ಯಾಕೆ?

ಪ್ರಸಂಗದ ಪುಸ್ತಕಗಳಲ್ಲಿ ಉತ್ತರ ಹುಡುಕಿದೆ. ಕೊನೆಗೆ ಸಿಕ್ಕಿದ್ದು ಫ್ರಾನ್ಸ್ ದೇಶದ ಒಬ್ಬ ಡಾಕ್ಟರರ ಬದುಕಿನಲ್ಲಿ. ಅವರ ಹೆಸರು ಜೂಲ್ ಗುಯೊ. ಸಂತರ ಪಂಚಾಂಗದಲ್ಲಿ ಈ ಹೆಸರಿಲ್ಲ. ಆದರೆ ಇವತ್ತಿಗೂ ಪ್ರಪಂಚದ ಯಾವ ಮೂಲೆಯ ದ್ರಾಕ್ಷಿ ತೋಟಕ್ಕೆ ಹೋದರೂ ಬಳ್ಳಿ ಸವರುವವರ ಬಾಯಲ್ಲಿ ಈ ಹೆಸರು ಇರುತ್ತದೆ. ಅದು ಮನುಷ್ಯನ ಹೆಸರು ಎಂಬುದೇ ಅವರಲ್ಲಿ ಹಲವರಿಗೆ ಮರೆತುಹೋಗಿದೆ, ಚಾಟಣಿಯ ಒಂದು ರೀತಿಗೆ ಆ ಹೆಸರು ಅಂಟಿಕೊಂಡುಬಿಟ್ಟಿದೆ.

ಗುಯೊ ಹುಟ್ಟಿದ್ದು 1807ರ ಮೇ ತಿಂಗಳಲ್ಲಿ, ಶಾಂಪೇನ್ ಸೀಮೆಯ ದಕ್ಷಿಣದ ಅಂಚಿನ ಜಿಯೆ-ಸುರ್-ಸೇನ್ ಎಂಬ ಹಳ್ಳಿಯಲ್ಲಿ. ಪ್ಯಾರಿಸ್ಸಿನ ಮಧ್ಯೆ ಹರಿಯುವ ಸೇನ್ ನದಿ ಇಲ್ಲಿ ಇನ್ನೂ ಚಿಕ್ಕ ಹೊಳೆ. ಎರಡೂ ಬದಿಯ ಗುಡ್ಡಗಳ ಮೇಲೆ ದ್ರಾಕ್ಷಿ. ಆ ಊರಿನ ಮಕ್ಕಳು ನಡೆಯಲು ಕಲಿಯುವುದೇ ಬಳ್ಳಿಯ ಗೂಟ ಹಿಡಿದುಕೊಂಡು ಎಂದರೆ ಹೆಚ್ಚಾಗಲಾರದು.

ಅವರು ಹುಟ್ಟುವ ಮೊದಲಿನ ಇಪ್ಪತ್ತು ವರ್ಷಗಳಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳ ಒಡೆತನ ತಲೆಕೆಳಗಾಗಿತ್ತು. ಶತಮಾನಗಳ ಕಾಲ ಅಲ್ಲಿನ ಒಳ್ಳೆಯ ತೋಟಗಳು ಮಠಗಳ ಕೈಯಲ್ಲಿದ್ದವು. ಪೂಜೆಗೆ ದ್ರಾಕ್ಷಾರಸ ಬೇಕು, ಅತಿಥಿಗೆ ಬೇಕು, ಮಾರಿದರೆ ಮಠದ ಖರ್ಚಿಗೂ ಆಯಿತು. ಸಿಸ್ಟರ್ಷಿಯನ್ ಸಭೆಯ ಸನ್ಯಾಸಿಗಳು ಬರ್ಗಂಡಿಯ ವೂಜೋ ಎಂಬಲ್ಲಿ ಹನ್ನೆರಡನೆಯ ಶತಮಾನದಿಂದಲೂ ತೋಟ ಮಾಡಿಕೊಂಡಿದ್ದರು. ಅದರ ಸುತ್ತ ಅವರು ಕಟ್ಟಿದ ಕಲ್ಲಿನ ಗೋಡೆಯೊಳಗೆ ಇಂದೂ ದ್ರಾಕ್ಷಿ ಬೆಳೆಯುತ್ತದೆ. ಬಳ್ಳಿ ಸವರುವ ವಿದ್ಯೆಯೂ ಮಠದಿಂದಲೇ ಬಂತೆಂದು ಫ್ರಾನ್ಸಿನವರು ಒಂದು ದಂತಕಥೆ ಹೇಳುತ್ತಾರೆ. ತೂರ್ ಪಟ್ಟಣದ ಧರ್ಮಾಧ್ಯಕ್ಷ ಸಂತ ಮಾರ್ಟಿನರು ತಮ್ಮ ಕತ್ತೆಯನ್ನು ತೋಟದ ಬದಿಗೆ ಕಟ್ಟಿ ಮಠದೊಳಗೆ ಹೋದರಂತೆ. ಅವರು ತಿರುಗಿ ಬರುವಷ್ಟರಲ್ಲಿ ಅದು ಸಾಲು ಸಾಲು ಬಳ್ಳಿಗಳನ್ನು ಬುಡದವರೆಗೆ ಮೇಯ್ದಿತ್ತಂತೆ. ಸನ್ಯಾಸಿಗಳು ತಲೆ ಮೇಲೆ ಕೈ ಹೊತ್ತರು. ಮುಂದಿನ ಸುಗ್ಗಿಯಲ್ಲಿ ನೋಡಿದರೆ ಕತ್ತೆ ಮೇಯ್ದ ಬಳ್ಳಿಗಳಲ್ಲೇ ಗೊಂಚಲು ಹೆಚ್ಚು! ಇದು ಕತೆ, ಚರಿತ್ರೆಯಲ್ಲ. ಆದರೂ ಚಾಟಣಿಯ ಮೊದಲ ಗುರು ಕತ್ತೆ ಎಂದು ಒಪ್ಪಿಕೊಂಡ ರೈತರ ಮೇಲೆ ನನಗೆ ಗೌರವವಿದೆ.

1789ರ ಕ್ರಾಂತಿಯ ನಂತರ ಸರ್ಕಾರ ಮಠಗಳ ಆಸ್ತಿಯನ್ನು ಕಿತ್ತುಕೊಂಡು ಹರಾಜು ಹಾಕಿತು. ಆಮೇಲೆ ಬಂದ ಕಾನೂನು ಮಕ್ಕಳಿಗೆಲ್ಲ ಸಮಪಾಲು ಎಂದಿತು. ನ್ಯಾಯವೇ. ಆದರೆ ಒಂದು ತಲೆಮಾರಿನಲ್ಲಿ ತೋಟ ನಾಲ್ಕು ತುಂಡಾಯಿತು, ಇನ್ನೊಂದರಲ್ಲಿ ಹದಿನಾರಾಯಿತು. ಮಠದಲ್ಲಿ ಒಬ್ಬ ಸನ್ಯಾಸಿ ಕಲಿತದ್ದು ಮುಂದಿನವನಿಗೆ ದಾಟುತ್ತಿತ್ತು. ಈಗ ತುಂಡು ನೆಲದ ಒಡೆಯ ತನ್ನಪ್ಪ ಮಾಡಿದ್ದನ್ನು ಮಾತ್ರ ಬಲ್ಲ. ಪಕ್ಕದ ಕಣಿವೆಯವನು ಬೇರೆ ಏನೋ ಮಾಡುತ್ತಾನೆ, ಅದನ್ನು ಇವನು ನೋಡಿಯೇ ಇಲ್ಲ.

ಗುಯೊ ಪ್ಯಾರಿಸ್ಸಿಗೆ ಹೋಗಿ ವೈದ್ಯಶಾಸ್ತ್ರ ಓದಿದರು. ಡಾಕ್ಟರಾದರೂ ರೋಗಿಗಳ ನಾಡಿ ಹಿಡಿದು ಕೂರುವ ಸ್ವಭಾವ ಅವರದಲ್ಲ. ಗಾಳಿಯ ಕಂಪನದ ಮೇಲೆ ಪ್ರಯೋಗ ಮಾಡಿದರು. ಗಾಯವನ್ನು ಒಂದೇ ಸಮನಾದ ಬೆಚ್ಚನೆಯ ಗಾಳಿಯಲ್ಲಿಟ್ಟರೆ ಬೇಗ ಮಾಯುತ್ತದೆ ಎಂದು ಸಾಧಿಸಲು ಕಾಲು ಕೈಗಳನ್ನು ಸುತ್ತುವರಿಯುವ ಬಿಸಿ ಪೆಟ್ಟಿಗೆ ಮಾಡಿದರು. ಆಮೇಲೆ ತಂತಿಯಿಲ್ಲದ ಹಳೆಯ ಟೆಲಿಗ್ರಾಫಿನ ಹಿಂದೆ ಬಿದ್ದರು. ಗುಡ್ಡದಿಂದ ಗುಡ್ಡಕ್ಕೆ ಗೋಪುರಗಳನ್ನು ಕಟ್ಟಿ, ಅವುಗಳ ಮೇಲಿನ ಮರದ ತೋಳುಗಳನ್ನು ಆಡಿಸಿ ಸುದ್ದಿ ಕಳಿಸುವ ಏರ್ಪಾಡು ಆಗ ಫ್ರಾನ್ಸಿನಲ್ಲಿತ್ತು. ಕತ್ತಲಾದರೆ ಅದು ಕುರುಡು. ಗುಯೊ ಆ ತೋಳುಗಳಿಗೆ ದೀಪ ಕಟ್ಟಿ ರಾತ್ರಿಯೂ ಸುದ್ದಿ ಓಡಿಸಲು ವರ್ಷಗಟ್ಟಲೆ ಹೆಣಗಿದರು. 1842ರಲ್ಲಿ ಈ ವಿಷಯ ಶಾಸನಸಭೆಯ ಮುಂದೆ ಬಂದಾಗ, ದೊಡ್ಡ ವಿಜ್ಞಾನಿಯಾಗಿದ್ದ ಅರಗೋ ಎದ್ದು ನಿಂತು, ವಿದ್ಯುತ್ ಟೆಲಿಗ್ರಾಫ್ ಬರುತ್ತಿರುವಾಗ ದೀಪಗಳಿಗೆ ಯಾಕೆ ಹಣ ಸುರಿಯಬೇಕೆಂದು ವಾದಿಸಿದರು. ಅರಗೋ ಹೇಳಿದ್ದೇ ಸರಿಯಾಯಿತು. ಕೆಲವೇ ವರ್ಷಗಳಲ್ಲಿ ವಿದ್ಯುತ್ ತಂತಿ ಬಂತು, ಗೋಪುರಗಳು ಪಾಳು ಬಿದ್ದವು, ಗುಯೊ ಅವರ ದೀಪಗಳೂ ಮೂಲೆ ಸೇರಿದವು.

ನಲವತ್ತರ ಹೊಸ್ತಿಲಲ್ಲಿ ಇಂಥ ಸೋಲು ಕಂಡ ಮನುಷ್ಯ ಹುಟ್ಟಿದೂರಿನ ಬೆಳೆಯ ಕಡೆಗೆ ತಿರುಗಿದ್ದು ಸಹಜವೇ. ರೀಮ್ಸ್ ನಗರದ ಹತ್ತಿರ ಸಿಲ್ಲೆರಿ ಎಂಬಲ್ಲಿ ಜಾಕೆಸ್ಸೋನ್ ಎಂಬ ಶಾಂಪೇನ್ ಮನೆತನದ ದೊಡ್ಡ ತೋಟವಿತ್ತು. ಅದರ ಯಜಮಾನ ಅಡಾಲ್ಫ್ ಜಾಕೆಸ್ಸೋನ್ ಹೊಸದನ್ನು ಪರೀಕ್ಷಿಸಲು ಹೆದರದ ಮನುಷ್ಯ. ಶಾಂಪೇನ್ ಬಾಟಲಿಯ ಬಿರಡೆ ಹಾರಿಹೋಗದಂತೆ ತಂತಿ ಬಿಗಿಯುವ ಉಪಾಯಕ್ಕೆ 1844ರಲ್ಲಿ ಹಕ್ಕುಪತ್ರ ಪಡೆದವರು ಅವರೇ. ಅವರ ತೋಟದ ಹೊಣೆ ಹೊತ್ತು ಗುಯೊ ಸಿಲ್ಲೆರಿಯಲ್ಲಿ ನಿಂತರು.

ಆ ಕಾಲದ ಶಾಂಪೇನ್ ತೋಟವನ್ನು ಕಣ್ಣ ಮುಂದೆ ತಂದುಕೊಳ್ಳುವುದು ನಮಗೆ ಕಷ್ಟ. ತಂತಿಯ ಸಾಲಿಲ್ಲ, ಚಪ್ಪರವಿಲ್ಲ, ನಡುವೆ ದಾರಿಯೂ ಇಲ್ಲ. ಬಳ್ಳಿ ಮುದಿಯಾದಾಗ ಅದನ್ನು ಬಗ್ಗಿಸಿ ಮಣ್ಣಿನಲ್ಲಿ ಹೂಳುತ್ತಿದ್ದರು. ಹೂತ ಕೊಂಬೆಗಳು ಬೇರು ಬಿಟ್ಟು ಅಲ್ಲೊಂದು ಇಲ್ಲೊಂದು ಹೊಸ ಗಿಡವಾಗಿ ಏಳುತ್ತಿದ್ದವು. ನೂರು ವರ್ಷ ಹೀಗೆ ಮಾಡಿದರೆ ತೋಟವೆಲ್ಲ ಸಂತೆಯ ಜನರ ಹಾಗೆ ಕಿಕ್ಕಿರಿದು ನಿಲ್ಲುತ್ತಿತ್ತು. ಒಂದು ಹೆಕ್ಟೇರಿಗೆ, ಅಂದರೆ ನಮ್ಮ ಲೆಕ್ಕದಲ್ಲಿ ಎರಡೂವರೆ ಎಕರೆಗೆ, ಇಪ್ಪತ್ತು ಸಾವಿರಕ್ಕೂ ಮೇಲೆ, ಕೆಲವು ಕಡೆ ಅದರ ಎರಡರಷ್ಟು ಗಿಡ. ಒಂದೊಂದಕ್ಕೂ ಒಂದು ಗೂಟ. ಪ್ರತಿ ವಸಂತದಲ್ಲಿ ಅಷ್ಟೂ ಗೂಟಗಳನ್ನು ನೆಲಕ್ಕೆ ಊರಬೇಕು, ಸುಗ್ಗಿಯಾದ ಮೇಲೆ ಅಷ್ಟನ್ನೂ ಕಿತ್ತು ರಾಶಿ ಹಾಕಬೇಕು. ಎತ್ತು ಕುದುರೆ ಒಳಗೆ ಹೋಗುವ ಹಾಗಿಲ್ಲ. ಅಗೆತ, ಕಳೆ, ಗೊಬ್ಬರ ಹೊರುವುದು ಎಲ್ಲವೂ ಬೆನ್ನು ಬಗ್ಗಿಸಿಯೇ. ಗಂಡಸರು ಗುದ್ದಲಿ ಹಿಡಿದರೆ ಹೆಂಗಸರು ಬಳ್ಳಿ ಕಟ್ಟುವುದು, ಕಡ್ಡಿ ಆರಿಸುವುದು. ಚಳಿಗಾಲದ ಚಾಟಣಿ ಬಾಗುಗತ್ತಿಯಿಂದ ಆಗುತ್ತಿತ್ತು. ಎರಡು ಅಲಗಿನ ಕತ್ತರಿ ಬಂದಿನ್ನೂ ಹೆಚ್ಚು ಕಾಲವಾಗಿರಲಿಲ್ಲ.

ಗುಯೊ ಅಲ್ಲಿ ಬಳ್ಳಿಗಳನ್ನು ಸಾಲಾಗಿ ನೆಟ್ಟರು. ವಸಂತದ ಇಬ್ಬನಿ ಹೆಪ್ಪುಗಟ್ಟಿ ಎಳೆ ಚಿಗುರು ಸುಡದಿರಲೆಂದು ಹುಲ್ಲಿನ ಚಾಪೆಗಳನ್ನು ಮರೆ ಕಟ್ಟಿದರು. ಅಷ್ಟು ಚಾಪೆಗಳನ್ನು ಕೈಯಲ್ಲಿ ಹೆಣೆದು ಮುಗಿಯುವುದಿಲ್ಲವೆಂದು ಅದಕ್ಕೊಂದು ಮಗ್ಗವನ್ನೂ ಮಾಡಿದರು. ಚಾಪೆಗಳ ಮಗ್ಗ ತೋಟಗಾರಿಕೆಯವರಿಗೆ ಬಹಳ ಕಾಲ ಉಪಯೋಗಕ್ಕೆ ಬಂತು. ಆದರೆ ಅವರ ಹೆಸರು ಉಳಿದದ್ದು ಚಾಟಣಿಯಿಂದ.

ಇಲ್ಲಿ ಸ್ವಲ್ಪ ನಿಧಾನವಾಗಿ ಓದಬೇಕೆಂದು ಕೇಳಿಕೊಳ್ಳುತ್ತೇನೆ. ಕತ್ತರಿ ಹಿಡಿದವರಿಗೆ ಇದು ಗೊತ್ತಿರುವ ಮಾತೇ, ಉಳಿದವರಿಗಾಗಿ ಹೇಳುತ್ತಿದ್ದೇನೆ.

ದ್ರಾಕ್ಷಿ ಹಳೆಯ ಮರದ ಮೇಲೆ ಹಣ್ಣು ಬಿಡುವುದಿಲ್ಲ. ಹೋದ ವರ್ಷ ಬೆಳೆದ ಕಡ್ಡಿಯ ಮೇಲೆ ಕಣ್ಣುಗಳಿರುತ್ತವೆ. ಆ ಕಣ್ಣು ಒಡೆದು ಈ ವರ್ಷ ಹಸಿರು ಚಿಗುರಾಗುತ್ತದೆ, ಗೊಂಚಲು ಬರುವುದು ಆ ಚಿಗುರಿನಲ್ಲಿ. ಒಮ್ಮೆ ಹಣ್ಣು ಕೊಟ್ಟ ಕಡ್ಡಿ ಹಾಗೇ ಬಿಟ್ಟರೆ ಬಳ್ಳಿ ಪ್ರತಿ ವರ್ಷ ಅದರ ತುದಿಯಿಂದಲೇ ಮುಂದಕ್ಕೆ ಓಡುತ್ತದೆ. ಬುಡದಿಂದ ದೂರ ದೂರ ಹೋಗುತ್ತದೆ, ನಡುವೆ ಬೋಳು ಕಟ್ಟಿಗೆ ಉಳಿಯುತ್ತದೆ. ಹೀಗಾಗಬಾರದೆಂದು ಎಲ್ಲವನ್ನೂ ಗಿಡ್ಡಗೆ ಕತ್ತರಿಸಿದರೆ ಇನ್ನೊಂದು ತೊಂದರೆ. ಕೆಲವು ಜಾತಿಯ ದ್ರಾಕ್ಷಿಗೆ ಬುಡದ ಕಣ್ಣುಗಳಲ್ಲಿ ಫಲವೇ ಕಡಿಮೆ. ಬಳ್ಳಿ ಅಚ್ಚುಕಟ್ಟಾಗಿ ನಿಲ್ಲುತ್ತದೆ, ಬುಟ್ಟಿ ಖಾಲಿ ಬರುತ್ತದೆ. ಅಂದರೆ ರೈತನ ಮುಂದೆ ಎರಡು ಆಸೆಗಳಿವೆ: ಈ ವರ್ಷದ ಹಣ್ಣು, ಮುಂದಿನ ವರ್ಷದ ಬಳ್ಳಿ. ಎರಡನ್ನೂ ಒಂದೇ ಕಡ್ಡಿಯಿಂದ ಕೇಳಿದರೆ ಅದು ಎರಡನ್ನೂ ಕೊಡುವುದಿಲ್ಲ.

ಗುಯೊ ಈ ಎರಡು ಕೆಲಸಗಳನ್ನು ಎರಡು ಕಡ್ಡಿಗಳಿಗೆ ಹಂಚಿದರು. ಚಳಿಗಾಲದಲ್ಲಿ ಬಳ್ಳಿಯ ತಲೆಯ ಹತ್ತಿರ ಎರಡನ್ನು ಮಾತ್ರ ಉಳಿಸಬೇಕು. ಒಂದು ಉದ್ದ ಕಡ್ಡಿ, ಅದರ ಮೇಲೆ ಆರೋ ಎಂಟೋ ಹತ್ತೋ ಕಣ್ಣು. ಅದನ್ನು ಬಗ್ಗಿಸಿ ನೆಲಕ್ಕೆ ಹತ್ತಿರದ ತಂತಿಗೆ ಅಡ್ಡಡ್ಡ ಕಟ್ಟಬೇಕು. ನೆಟ್ಟಗೆ ಬಿಟ್ಟರೆ ತುದಿಯ ಕಣ್ಣುಗಳು ಮಾತ್ರ ಚಿಗುರುತ್ತವೆ. ಅಡ್ಡ ಕಟ್ಟಿದರೆ ಸಾಲಾಗಿ ಎಲ್ಲ ಕಣ್ಣೂ ಎಚ್ಚರಗೊಳ್ಳುತ್ತವೆ. ಈ ವರ್ಷದ ಹಣ್ಣು ಇದರದು. ಇನ್ನೊಂದು ಅದರ ಕೆಳಗಿನ ಗಿಡ್ಡ ಮೋಟು, ಅದಕ್ಕೆ ಎರಡೇ ಕಣ್ಣು. ಹಣ್ಣಿನ ಚಿಂತೆ ಅದಕ್ಕಿಲ್ಲ. ಅದರ ಎರಡು ಕಣ್ಣುಗಳು ಎರಡು ಚಿಗುರಾಗಿ, ಎತ್ತರದ ಗೂಟವನ್ನು ಹಿಡಿದು ನೆಟ್ಟಗೆ ಬೆಳೆಯಬೇಕು, ಅಷ್ಟೇ.

ಮುಂದಿನ ಚಳಿಗಾಲ ಬಂದಾಗ ಹಣ್ಣು ಕೊಟ್ಟ ಉದ್ದ ಕಡ್ಡಿಯನ್ನು ಅದರ ಮೇಲಿನ ಚಿಗುರುಗಳ ಸಮೇತ ಬುಡಕ್ಕೆ ಕತ್ತರಿಸಿ ತೆಗೆಯಬೇಕು. ಮೋಟಿನಿಂದ ಎದ್ದ ಎರಡರಲ್ಲಿ ಮೇಲಿನದು ಹೊಸ ಉದ್ದ ಕಡ್ಡಿಯಾಗುತ್ತದೆ, ಕೆಳಗಿನದನ್ನು ಎರಡು ಕಣ್ಣಿಗೆ ಮೋಟು ಮಾಡುತ್ತಾರೆ. ವರ್ಷ ವರ್ಷವೂ ಇದೇ. ಬಳ್ಳಿಗೆ ಐವತ್ತು ವರ್ಷವಾದರೂ ಅದರ ತಲೆ ಇದ್ದ ಜಾಗದಲ್ಲೇ ಇರುತ್ತದೆ.

ಪೂಜೆಯ ನಂತರ ನನ್ನನ್ನು ಕೇಳಿದವರಿಗೆ ಉತ್ತರ ಇಲ್ಲಿತ್ತು. ಹಣ್ಣು ಕೊಟ್ಟ ಕಡ್ಡಿಗೆ ಕತ್ತರಿ ಬೀಳುವುದು ಅದು ತಪ್ಪು ಮಾಡಿತೆಂದಲ್ಲ, ಅದರ ಕೆಲಸ ಪೂರ್ತಿಯಾಯಿತೆಂದು. ಅದಕ್ಕಿಂತ ನನ್ನ ಮನಸ್ಸು ನಿಂತದ್ದು ಆ ಮೋಟಿನ ಮೇಲೆ. ಚಾಟಣಿಗೆ ಹೊಸದಾಗಿ ಬಂದ ಹುಡುಗರು ಮೊದಲು ಕತ್ತರಿಸಿ ಬಿಸಾಡುವುದು ಅದನ್ನೇ. ನೋಡಲು ಅದು ಏನೂ ಅಲ್ಲ, ಹೆಬ್ಬೆರಳಿನಷ್ಟು ಕಟ್ಟಿಗೆ.

ಈ ರೀತಿಯನ್ನು ಗುಯೊ ಶೂನ್ಯದಿಂದ ಸೃಷ್ಟಿಸಿದರು ಎನ್ನುವಂತಿಲ್ಲ. ಉದ್ದ ಕಡ್ಡಿ ಬಿಡುವ ಪದ್ಧತಿ ಫ್ರಾನ್ಸಿನ ಹಲವು ಕಡೆ ಮೊದಲೇ ಇತ್ತು. ಬೋರ್ಡೋ ಹತ್ತಿರದ ಮೆಡಾಕ್ ಸೀಮೆಯಲ್ಲಿ ಬಳ್ಳಿಗಳನ್ನು ಸಾಲಾಗಿ ನೆಟ್ಟು ನಡುವೆ ಎತ್ತು ಹೂಡುತ್ತಿದ್ದರು. ಅಲ್ಲೊಂದು ಇಲ್ಲೊಂದು ಇದ್ದದ್ದನ್ನು ಗುಯೊ ನೋಡಿ, ಪರೀಕ್ಷಿಸಿ, ಕಾರಣ ಹುಡುಕಿ, ಓದುಬರಹ ಅಷ್ಟಾಗಿ ಬಾರದ ರೈತನೂ ಬೆರಳು ಮಡಿಸಿ ನೆನಪಿಡಬಹುದಾದ ಒಂದು ನಿಯಮಕ್ಕೆ ಇಳಿಸಿದರು. ಒಂದು ಉದ್ದ, ಒಂದು ಗಿಡ್ಡ. ವೈದ್ಯರು ಔಷಧಿ ಚೀಟಿ ಬರೆದ ಹಾಗೆ.

1860ರಲ್ಲಿ ಬಳ್ಳಿಯ ಬೇಸಾಯ ಮತ್ತು ದ್ರಾಕ್ಷಾರಸ ತಯಾರಿಕೆಯ ಮೇಲೆ ಅವರ ಪುಸ್ತಕ ಹೊರಬಂತು. ಅದು ಹೊರಬಂದ ಸಮಯವನ್ನೂ ನೋಡಬೇಕು. ಆಗಷ್ಟೇ ಫ್ರಾನ್ಸಿನ ತೋಟಗಳು ಬೂದಿರೋಗದ ದೊಡ್ಡ ಹೊಡೆತದಿಂದ ಎದ್ದಿದ್ದವು. ನಮ್ಮ ಕಡೆಯವರು ಇಂದಿಗೂ ಗಂಧಕ ಹೊಡೆದು ಹತೋಟಿಗೆ ತರುವ ಅದೇ ಬೂದಿರೋಗ. 1854ರಲ್ಲಿ ಆ ದೇಶದ ದ್ರಾಕ್ಷಾರಸದ ಉತ್ಪತ್ತಿ ಸುಮಾರು 1.1 ಕೋಟಿ ಹೆಕ್ಟೋಲೀಟರಿಗೆ ಕುಸಿದಿತ್ತು. ಒಂದು ಹೆಕ್ಟೋಲೀಟರ್ ಎಂದರೆ ನೂರು ಲೀಟರ್. ಗಂಧಕದ ಪುಡಿ ತೋಟಗಳನ್ನು ಉಳಿಸಿತು. ಇತ್ತ ರೈಲು ಬಂದು ದಕ್ಷಿಣದ ಅಗ್ಗದ ದ್ರಾಕ್ಷಾರಸ ಪ್ಯಾರಿಸ್ಸಿಗೆ ಹರಿಯತೊಡಗಿತು. ಎಲ್ಲರಿಗೂ ಪ್ರಮಾಣದ ಆಸೆ. ಹೆಚ್ಚು ಕಾಯುವ ಒರಟು ಜಾತಿಗಳನ್ನು ನೆಡುವವರೇ ಹೆಚ್ಚಾದರು. ಗುಯೊ ಇದಕ್ಕೆ ವಿರುದ್ಧವಾಗಿ ನಿಂತರು. ಅವರ ಪ್ರಕಾರ ದ್ರಾಕ್ಷಾರಸದ ಗುಣವನ್ನು ತೀರ್ಮಾನಿಸುವುದು ಮುಖ್ಯವಾಗಿ ಬಳ್ಳಿಯ ಜಾತಿ. ಒಳ್ಳೆಯ ಜಾತಿ ಕಡಿಮೆ ಕಾಯುತ್ತದೆ ಎಂದು ರೈತ ದೂರುವುದು ಅದನ್ನು ಸರಿಯಾಗಿ ಸವರದಿರುವುದರಿಂದ. ಮಣ್ಣೇ ಎಲ್ಲವೂ ಎನ್ನುವವರು ಇದನ್ನು ಇವತ್ತೂ ಒಪ್ಪುವುದಿಲ್ಲ. ಮಣ್ಣಿನ ಪಾಲನ್ನು ಗುಯೊ ಕಡಿಮೆ ಅಂದಾಜು ಮಾಡಿದರೆಂದೇ ನನಗೂ ಅನಿಸುತ್ತದೆ. ಆದರೆ ಸಣ್ಣ ಹಿಡುವಳಿಯವನಿಗೆ ಮಣ್ಣು ಬದಲಾಯಿಸಲು ಆಗುವುದಿಲ್ಲ, ಚಾಟಣಿ ಬದಲಾಯಿಸಲು ಆಗುತ್ತದೆ.

ಪುಸ್ತಕ ಸರ್ಕಾರದ ಕಣ್ಣಿಗೆ ಬಿತ್ತು. ಮೂರನೆಯ ನೆಪೋಲಿಯನ್ ಚಕ್ರವರ್ತಿಯ ಕೃಷಿ ಸಚಿವಾಲಯ ಗುಯೊ ಅವರಿಗೆ ದೇಶದ ದ್ರಾಕ್ಷಿ ಸೀಮೆಗಳನ್ನು ಸುತ್ತಿ ವರದಿ ಮಾಡುವ ಕೆಲಸ ಒಪ್ಪಿಸಿತು. ಐವತ್ತು ದಾಟಿದ ಡಾಕ್ಟರು ರೈಲು, ಗಾಡಿ, ಕಾಲುನಡಿಗೆಯಲ್ಲಿ 1860ರ ದಶಕದ ಬಹುಪಾಲನ್ನು ದಾರಿಯಲ್ಲೇ ಕಳೆದರು. ಒಂದು ಜಿಲ್ಲೆಯಾದ ಮೇಲೆ ಇನ್ನೊಂದು. ಹೋದಲ್ಲೆಲ್ಲ ಅದೇ ಪ್ರಶ್ನೆಗಳು: ಯಾವ ಜಾತಿ ನೆಡುತ್ತೀರಿ, ಎಷ್ಟು ಅಂತರ, ಯಾವಾಗ ಸವರುತ್ತೀರಿ, ಎಷ್ಟು ಕಣ್ಣು ಬಿಡುತ್ತೀರಿ, ಕೂಲಿ ಎಷ್ಟು, ಯಾರಿಗೆ ಎಷ್ಟು ಪಾಲು. ಬಳ್ಳಿಗಳ ಚಿತ್ರ ಬರೆದುಕೊಂಡರು. ಬೇರೆ ಬೇರೆ ಸೀಮೆಯ ಚಾಟಣಿಯಲ್ಲಿ ಬಳ್ಳಿ ಹೇಗೆ ನಿಲ್ಲುತ್ತದೆ ಎಂಬ ಆ ಚಿತ್ರಗಳು ಅವರ ವರದಿಯ ಒಂದು ಸಂಪತ್ತು.

ವರದಿ 1868ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಅದರ ಶೀರ್ಷಿಕೆಯಲ್ಲೇ ಅದರ ಉದ್ದೇಶವನ್ನು ಬರೆದಿದ್ದರು: ಬೆಳೆಗಾರರು ಪರಸ್ಪರ ಕಲಿಯಲು ನೆರವಾಗುವುದಕ್ಕೆ. ಮೇಲಿನವರು ಕೆಳಗಿನವರಿಗೆ ಕಲಿಸಲು ಎಂದಿರಲಿಲ್ಲ. ಮಠಗಳು ಒಡೆದ ಮೇಲೆ ಒಬ್ಬರದು ಇನ್ನೊಬ್ಬರಿಗೆ ತಿಳಿಯದೆ ಉಳಿದಿದ್ದ ತುಂಡು ತುಂಡು ತೋಟಗಳ ನಡುವೆ ಸುದ್ದಿ ದಾಟಿಸುವುದೇ ಅವರ ಆಸೆ. ಗೋಪುರದಿಂದ ಗೋಪುರಕ್ಕೆ ದೀಪದಲ್ಲಿ ಸುದ್ದಿ ಕಳಿಸಲು ಹೋಗಿ ಸೋತವರೇ ಅಲ್ಲವೇ ಇವರು!

ಆ ಸಂಪುಟಗಳಲ್ಲಿ ಇನ್ನೊಂದು ಲೆಕ್ಕ ಮತ್ತೆ ಮತ್ತೆ ಬರುತ್ತದೆ. ಒಂದು ಜಿಲ್ಲೆಯ ನೆಲದಲ್ಲಿ ದ್ರಾಕ್ಷಿ ಎಷ್ಟು ಭಾಗ, ಅದರ ಉತ್ಪತ್ತಿಯ ಬೆಲೆ ಎಷ್ಟು ಎಂದು ಹೇಳಿ ಗುಯೊ ಅಲ್ಲಿಗೆ ಬಿಡುವುದಿಲ್ಲ. ಆ ಹಣದಲ್ಲಿ ನಾಲ್ಕು ಜನರ ಎಷ್ಟು ಕುಟುಂಬಗಳು ಬದುಕಬಲ್ಲವು ಎಂದು ಭಾಗಿಸಿ ತೋರಿಸುತ್ತಾರೆ. ಅವರ ಕಣ್ಣಿಗೆ ದ್ರಾಕ್ಷಿ ಜನರನ್ನು ಹಳ್ಳಿಯಲ್ಲಿ ನಿಲ್ಲಿಸುವ ಬೆಳೆ. ಗೋಧಿಯ ಹೊಲಕ್ಕಿಂತ ಅದಕ್ಕೆ ಕೈಗಳು ಹೆಚ್ಚು ಬೇಕು, ಚಿಕ್ಕ ನೆಲದಲ್ಲಿ ಒಂದು ಮನೆ ನಡೆಯುತ್ತದೆ. ತೋಟದ ಕೂಲಿಯವನಿಗೆ ಬೆಳೆಯಲ್ಲೂ ಪಾಲಿದ್ದರೆ ಅವನ ಕತ್ತರಿ ಸರಿಯಾಗಿ ಆಡುತ್ತದೆ ಎಂಬುದೂ ಅವರ ನಂಬಿಕೆಯಾಗಿತ್ತು. ಗುತ್ತಿಗೆಗೆ ಹಿಡಿದ ಚಾಟಣಿ ಗುಂಪು ಎಕರೆಗಿಷ್ಟು ಎಂದು ಓಡೋಡಿ ಕತ್ತರಿಸುವುದನ್ನು ನೋಡಿದ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ವರದಿ ಅಚ್ಚಾದ ಅದೇ 1868ರ ಜುಲೈ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಒಂದು ತೋಟಕ್ಕೆ ಮೂವರು ಹೋದರು. ಅವರಲ್ಲೊಬ್ಬರು ಮೊಂಪೆಲಿಯೆ ನಗರದ ಸಸ್ಯಶಾಸ್ತ್ರಜ್ಞ ಪ್ಲಾಂಶೋನ್. ಕೆಲವು ವರ್ಷಗಳಿಂದ ಆ ಭಾಗದಲ್ಲಿ ಬಳ್ಳಿಗಳು ಕಾರಣವಿಲ್ಲದೆ ಒಣಗುತ್ತಿದ್ದವು. ಒಣಗಿದ ಗಿಡಗಳ ಬೇರು ನೋಡಿದರೆ ಏನೂ ಕಾಣುತ್ತಿರಲಿಲ್ಲ. ಅಂದು ಅವರು ಇನ್ನೂ ಹಸಿರಾಗಿದ್ದ ಬಳ್ಳಿಯ ಬೇರನ್ನು ಅಗೆದು ಭೂತಗನ್ನಡಿ ಹಿಡಿದರು. ಹಳದಿ ಬಣ್ಣದ ಸಣ್ಣ ಹೇನುಗಳು ಗುಂಪುಗುಂಪಾಗಿ ರಸ ಹೀರುತ್ತಿದ್ದವು. ಅಮೆರಿಕದಿಂದ ತಂದ ಗಿಡಗಳ ಜೊತೆ ಬಂದ ಫಿಲಾಕ್ಸೆರಾ ಅದು. ಒಂದು ಬಳ್ಳಿ ಸಾಯುವ ಮೊದಲೇ ಅವು ಪಕ್ಕದ ಬಳ್ಳಿಗೆ ಹೋಗಿರುತ್ತಿದ್ದವು.

ಮುಂದಿನ ಮೂವತ್ತು ವರ್ಷ ಫ್ರಾನ್ಸಿನ ದ್ರಾಕ್ಷಿ ರೈತರು ಪಟ್ಟ ಪಾಡು ಒಂದು ಬರಗಾಲದ ಕತೆಯಂಥದು. ಸರ್ಕಾರ ಔಷಧಿ ಕಂಡುಹಿಡಿದವರಿಗೆ 3,00,000 ಫ್ರಾಂಕಿನ ಬಹುಮಾನ ಸಾರಿತು. ಅದು ಯಾರಿಗೂ ಸಿಗಲಿಲ್ಲ. 1875ರಲ್ಲಿ ಸುಮಾರು 8.4 ಕೋಟಿ ಹೆಕ್ಟೋಲೀಟರ್ ಇದ್ದ ಉತ್ಪತ್ತಿ 1889ರ ಹೊತ್ತಿಗೆ ಸುಮಾರು 2.3 ಕೋಟಿಗೆ ಇಳಿಯಿತು. ಊರು ಬಿಟ್ಟು ಆಲ್ಜೀರಿಯಾಕ್ಕೆ, ಅಮೆರಿಕಕ್ಕೆ ಹೋದವರು ಬಹಳ. ಗುಯೊ ನಾಲ್ಕು ಜನರ ಕುಟುಂಬವೆಂದು ಲೆಕ್ಕ ಹಾಕಿದ ಮನೆಗಳೇ ಬೀಗ ಹಾಕಿದವು.

ಗುಯೊ ಈ ದುರಂತದ ಮೊದಲ ಪುಟಗಳನ್ನು ಮಾತ್ರ ನೋಡಿದರು. 1872ರ ಮಾರ್ಚ್ 31ರಂದು ಬರ್ಗಂಡಿಯ ಸವಿನ್ಯಿ-ಲೆ-ಬೋನ್ ಎಂಬ ದ್ರಾಕ್ಷಿ ಹಳ್ಳಿಯಲ್ಲಿ ತೀರಿಕೊಂಡರು. ಅವರಿಗೆ ಇನ್ನೂ ಅರವತ್ತೈದು ತುಂಬಿರಲಿಲ್ಲ. ಆ ಹೇನು ಬರ್ಗಂಡಿಯನ್ನು ಮುಟ್ಟಲು ಇನ್ನೂ ಕೆಲವು ವರ್ಷಗಳಿದ್ದವು. ದೇಶದ ಬೆಳೆಗಾರರು ಪರಸ್ಪರ ಕಲಿಯಲೆಂದು ಅವರು ಬರೆದ ಮೂರು ಸಂಪುಟಗಳು, ಅವರು ಯೋಚಿಸಿಯೇ ಇರದ ಇನ್ನೊಂದು ಕೆಲಸಕ್ಕೆ ಉಳಿದವು. ಹೇನು ತಿನ್ನುವ ಮೊದಲು ಫ್ರಾನ್ಸಿನ ತೋಟಗಳು ಹೇಗಿದ್ದವು, ಯಾವ ಊರಿನಲ್ಲಿ ಯಾವ ಬಳ್ಳಿ ಇತ್ತು, ಯಾರು ಹೇಗೆ ಸವರುತ್ತಿದ್ದರು ಎಂದು ತಿಳಿಯಬೇಕಾದವರು ಇಂದಿಗೂ ಆ ಸಂಪುಟಗಳನ್ನೇ ತೆರೆಯುತ್ತಾರೆ. ಅವರು ಚಿತ್ರ ಬರೆದುಕೊಂಡ ಬಳ್ಳಿಗಳಲ್ಲಿ ಬಹುಪಾಲು ಇಪ್ಪತ್ತು ಮೂವತ್ತು ವರ್ಷಗಳಲ್ಲಿ ಸೌದೆಯಾದವು.

ಹಾಗಾದರೆ ತೋಟಗಳೇ ಸತ್ತ ಮೇಲೆ ಅವರ ಚಾಟಣಿ ಉಳಿದದ್ದು ಹೇಗೆ? ಅದನ್ನು ಮಣ್ಣಿನ ಮೇಲಿನ ಮಾತಿನಲ್ಲಿ ಹೇಳುವುದು ಸುಲಭ. ಕೊನೆಗೆ ಸಿಕ್ಕ ಪರಿಹಾರ ಕಸಿ. ಅಮೆರಿಕದ ಕಾಡು ದ್ರಾಕ್ಷಿಯ ಬೇರು ಆ ಹೇನನ್ನು ತಾಳಿಕೊಳ್ಳುತ್ತದೆ. ಆ ಬೇರಿನ ಮೇಲೆ ಫ್ರಾನ್ಸಿನ ಬಳ್ಳಿಯನ್ನು ಕಸಿ ಮಾಡಿದರು. ಕಸಿ ಮಾಡಿದ ಬಳ್ಳಿಯನ್ನು ಹಳೆಯ ಹಾಗೆ ಬಗ್ಗಿಸಿ ಹೂಳುವಂತಿಲ್ಲ. ಹೂತರೆ ಮೇಲಿನ ಬಳ್ಳಿಯೇ ಬೇರು ಬಿಡುತ್ತದೆ, ಹೇನು ಆ ಬೇರಿಗೆ ಬರುತ್ತದೆ. ಸಂತೆಯ ಗುಂಪಿನಂಥ ತೋಟ ಅಲ್ಲಿಗೆ ಮುಗಿಯಿತು. ಒಂದೊಂದೇ ಗಿಡವನ್ನು ದುಡ್ಡು ಕೊಟ್ಟು ತಂದು, ಅಳತೆ ಹಿಡಿದು, ಸಾಲಾಗಿ ನೆಟ್ಟು, ತಂತಿ ಎಳೆಯಬೇಕಾಯಿತು. ಬರ್ಗಂಡಿಯಲ್ಲಿ ಈಗ ಹೆಕ್ಟೇರಿಗೆ ಸುಮಾರು 10,000 ಬಳ್ಳಿ, ಸಾಲುಗಳ ನಡುವೆ ಒಂದು ಮೀಟರ್ ದಾರಿ. ಸಾಲು, ತಂತಿ, ಒಂದೊಂದು ಬಳ್ಳಿಗೂ ಅದರದೇ ಜಾಗ: ಸಿಲ್ಲೆರಿಯಲ್ಲಿ ಗುಯೊ ಬೇಡವೆಂದವರ ಮಧ್ಯೆ ಮಾಡಿ ತೋರಿಸಿದ್ದು ಈಗ ಬೇರೆ ದಾರಿಯಿಲ್ಲದೆ ಎಲ್ಲರ ಪದ್ಧತಿಯಾಯಿತು. ಅಂಥ ಸಾಲಿಗೆ ಹೊಂದುವ ಚಾಟಣಿ ಅವರ ಪುಸ್ತಕದಲ್ಲಿ ಸಿದ್ಧವಾಗಿತ್ತು. ಹಳೆಯ ರೀತಿಯ ಕಿಕ್ಕಿರಿದ ತೋಟ ನೋಡಬೇಕೆಂದರೆ ಈಗ ಶಾಂಪೇನಿನ ಆಯ್ ಎಂಬ ಊರಿನಲ್ಲಿ ಒಂದು ಮನೆತನ ಉಳಿಸಿಕೊಂಡಿರುವ ಅಂಗೈಯಗಲದ ತೋಟಗಳಂಥವನ್ನು ಹುಡುಕಿಕೊಂಡು ಹೋಗಬೇಕು.

ಅವರ ರೀತಿಯಲ್ಲೂ ಒಂದು ಕೊರತೆ ಇತ್ತೆಂದು ಆಮೇಲೆ ತಿಳಿಯಿತು. ಪ್ರತಿ ವರ್ಷ ದೊಡ್ಡ ಕಡ್ಡಿಯನ್ನು ಬುಡಕ್ಕೆ ಕತ್ತರಿಸುವಾಗ ಗಾಯ ಕೆಲವೊಮ್ಮೆ ಈ ಬದಿಗೆ, ಕೆಲವೊಮ್ಮೆ ಆ ಬದಿಗೆ ಬೀಳುತ್ತದೆ. ಗಾಯದ ಹಿಂದೆ ಕಟ್ಟಿಗೆ ಒಣಗುತ್ತದೆ, ರಸ ಹರಿಯುವ ದಾರಿ ಸೊಟ್ಟಗಾಗುತ್ತದೆ, ಬಳ್ಳಿ ಒಳಗಿನಿಂದ ಸಾಯತೊಡಗುತ್ತದೆ. ಕೊನ್ಯಾಕ್ ಸೀಮೆಯಲ್ಲಿ ಪೂಸಾರ್ ಎಂಬ ಬೆಳೆಗಾರರು ಗಾಯಗಳೆಲ್ಲ ಮೇಲಿನ ಬದಿಯಲ್ಲೇ ಇರುವಂತೆ, ಕೆಳಗಿನ ರಸದ ದಾರಿ ಕಡಿಯದಂತೆ ಸವರುತ್ತಿದ್ದರು. 1921ರಲ್ಲಿ ಲಾಫೋನ್ ಎಂಬವರು ಅದನ್ನು ಬರೆದು ಪ್ರಕಟಿಸಿದರು. ಈಗ ಅದಕ್ಕೆ ಗುಯೊ-ಪೂಸಾರ್ ಎಂದೇ ಹೆಸರು. ಬಳ್ಳಿಯ ಒಣಗುರೋಗ ಹೆಚ್ಚಾದಂತೆ ಇತ್ತೀಚೆಗೆ ಅದನ್ನು ಮತ್ತೆ ಕಲಿಯುತ್ತಿದ್ದಾರೆ. ಡಾಕ್ಟರರ ಚೀಟಿಯನ್ನು ಒಬ್ಬ ರೈತ ತಿದ್ದಿದ್ದು. ಪರಸ್ಪರ ಕಲಿಕೆ ಎಂದವರಿಗೆ ಇದರಿಂದ ಬೇಸರವಾಗುತ್ತಿರಲಿಲ್ಲ.

ನಮ್ಮ ಸೀಮೆಯ ಚಾಟಣಿ ಗುಯೊ ಕಲಿಸಿದ್ದಲ್ಲ. ನಮ್ಮಲ್ಲಿ ಹಿಮ ಬೀಳುವುದಿಲ್ಲ, ಬಳ್ಳಿ ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವುದಿಲ್ಲ, ಹಾಗಾಗಿ ವರ್ಷಕ್ಕೆ ಎರಡು ಬಾರಿ ಕತ್ತರಿ. ಏಪ್ರಿಲ್ ಚಾಟಣಿಯಲ್ಲಿ ಹಣ್ಣು ಕೊಟ್ಟ ಕಡ್ಡಿಗಳನ್ನು ಒಂದೆರಡು ಕಣ್ಣಿಗೆ ಮೋಟು ಮಾಡುತ್ತಾರೆ. ಬೇಸಿಗೆಯ ಬಿಸಿಲಿನಲ್ಲಿ ಹೊಸ ಕಡ್ಡಿ ಬೆಳೆದು, ಅದರ ಕಣ್ಣುಗಳೊಳಗೆ ಮುಂದಿನ ಗೊಂಚಲು ರೂಪುಗೊಳ್ಳುತ್ತದೆ. ಅಕ್ಟೋಬರಿನಲ್ಲಿ ಅದೇ ಕಡ್ಡಿಯನ್ನು ಫಲದ ಕಣ್ಣಿನವರೆಗೆ ಉದ್ದ ಬಿಟ್ಟು ಕತ್ತರಿಸುತ್ತಾರೆ. ಥಾಮ್ಸನ್ ಜಾತಿಗೆ ಬುಡದ ಕಣ್ಣಿನಲ್ಲಿ ಹಣ್ಣಿಲ್ಲದ್ದರಿಂದ ಉದ್ದ ಬಿಡಲೇಬೇಕು. ಗುಯೊ ಒಂದೇ ಬಳ್ಳಿಯ ಮೇಲೆ ಒಂದೇ ದಿನ ಪಕ್ಕಪಕ್ಕದಲ್ಲಿ ಇಟ್ಟ ಗಿಡ್ಡ ಮೋಟನ್ನೂ ಉದ್ದ ಕಡ್ಡಿಯನ್ನೂ ನಾವು ಆರು ತಿಂಗಳ ಅಂತರದಲ್ಲಿ ಇಟ್ಟಿದ್ದೇವೆ. ಉಪ್ಪು ನೀರಿಗೂ ನೀರಿನ ಕೊರತೆಗೂ ತಾಳಲೆಂದು ನಮ್ಮವರು ಕಸಿಗೆ ಬಳಸುವ ಡಾಗ್‌ರಿಜ್ ಬೇರು ಕೂಡ ಅಮೆರಿಕದ ಕಾಡು ದ್ರಾಕ್ಷಿಯ ಕುಲದ್ದೇ.

ಫ್ರಾನ್ಸಿನ ಸಾಮಾನ್ಯ ಜನರಿಗೆ ಗುಯೊ ಎಂದರೆ ಇವತ್ತು ಚಾಟಣಿಯೂ ಅಲ್ಲ. ಅವರ ಕೊನೆಯ ದಿನಗಳಲ್ಲಿ, ಅವರ ಹುಟ್ಟಿದ ಜಿಲ್ಲೆಯ ತ್ರುವಾ ಪಟ್ಟಣದಲ್ಲಿ ನರ್ಸರಿ ನಡೆಸುತ್ತಿದ್ದ ಬಾಲ್ತೆ ಮನೆತನದವರು ಹೊಸದೊಂದು ಪೇರು ಹಣ್ಣಿನ ತಳಿ ಬೆಳೆಸಿ ಅದಕ್ಕೆ ಡಾಕ್ಟರ್ ಜೂಲ್ ಗುಯೊ ಎಂದು ಹೆಸರಿಟ್ಟರು. ಉಳಿದ ಪೇರುಗಳಿಗಿಂತ ಮುಂಚೆ, ಬೇಸಿಗೆಯಲ್ಲೇ ಹಣ್ಣಾಗುವ ಜಾತಿ ಅದು. ಜುಲೈ ಆಗಸ್ಟಿನಲ್ಲಿ ಅಲ್ಲಿನ ಸಂತೆಗೆ ಹೋದವರು ಅಂಗಡಿಯವನ ಹತ್ತಿರ ಒಂದು ಕಿಲೋ ಗುಯೊ ಕೊಡು ಎಂದು ಕೇಳಿ, ತೂಗಿಸಿಕೊಂಡು, ಚೀಲಕ್ಕೆ ಹಾಕಿಕೊಂಡು ಹೋಗುತ್ತಾರೆ.